ಎರಡು ಗಂಟಿನ ಬುತ್ತಿ

ಘಟಪ್ರಭೆಯ ದಡದ ಆ ಬೆಲ್ಲದ ಪೇಟೆಯಲ್ಲಿ, ಮಳಿಗೆಗಳ ಹಿಂಗೋಡೆಗೆ ಒತ್ತಿಕೊಂಡಂತೆ ತಗಡಿನ ಮಾಡಿನ ಒಂದು ಕೋಣೆಯಿತ್ತು. ಪೂಜ್ಯ ನಿರ್ವಾಣೆಮ್ಮ ತಾಯಿಯವರು ತಮ್ಮ ಕೊನೆಯ ವರ್ಷಗಳನ್ನು ಅಲ್ಲಿಯೇ ಕಳೆದರು. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಹಲವು ಸಲ ಬೇಡಿಕೊಂಡಿದ್ದರೂ ಅವರು ಒಪ್ಪಿರಲಿಲ್ಲ. ಹರಿದ ಗೋಣಿಚೀಲಗಳನ್ನು ಹೊಲಿಯುವುದು ಅವರ ಕಾಯಕ. ಬೆಳಗಿನ ಲಿಂಗಪೂಜೆ ಮುಗಿಯುತ್ತಲೇ ದಬ್ಬಣ ಹಿಡಿದು ಹೊಸ್ತಿಲ ಬಳಿ ಕುಳಿತುಬಿಡುತ್ತಿದ್ದರು. ದರ್ಶನಕ್ಕೆ ಬಂದವರು, ಸಾಹುಕಾರರೇ ಆಗಲಿ, ಗೋಣಿಯ ಒಂದು ತುದಿ ಹಿಡಿದುಕೊಂಡೇ ತಮ್ಮ ಸುಖದುಃಖ ಹೇಳಿಕೊಳ್ಳಬೇಕಾಗುತ್ತಿತ್ತು.

ತಾಯಿಯವರಿಗೆ ದಿನಕ್ಕೆ ಒಂದೇ ಊಟ. ಮಧ್ಯಾಹ್ನ ಪೇಟೆಯ ಹಮಾಲರು ಬುತ್ತಿ ಬಿಚ್ಚಿದಾಗ, ಪ್ರತಿಯೊಬ್ಬನೂ ತನ್ನ ರೊಟ್ಟಿಯಿಂದ ಒಂದು ಚೂರು ಮುರಿದು ಬಿದಿರಿನ ಮೊರದಲ್ಲಿ ಹಾಕುತ್ತಿದ್ದ. ಅದಕ್ಕೆ ‘ಅವ್ವಾರ ಪಾಲು’ ಎಂದು ಹೆಸರು. ಆ ಚೂರುಗಳಲ್ಲಿ ತಮಗೆ ಬೇಕಾದಷ್ಟನ್ನು ಸ್ವೀಕರಿಸಿ, ಉಳಿದದ್ದನ್ನು ಬಾಗಿಲಿಗೆ ಬಂದವರಿಗೆ ಕೊಡುತ್ತಿದ್ದರು. ಅಂಚು ನೋಡಿಯೇ ಯಾವ ಮನೆಯ ರೊಟ್ಟಿಯೆಂದು ಅವರಿಗೆ ತಿಳಿಯುತ್ತಿತ್ತು. “ಇದು ಗುರುಪಾದಪ್ಪನ ಮನೀದು. ಸೊಸಿ ಇವತ್ತ ಸಿಟ್ಟಿನ್ಯಾಗ ಬಡದಾಳ,” ಎಂದು ನಗುತ್ತಿದ್ದರು.

ಆ ಹಮಾಲರಲ್ಲಿ ದುಂಡಪ್ಪನೆಂಬುವನಿದ್ದ. ಇಬ್ಬರು ಹೊರುವುದನ್ನು ಒಬ್ಬನೇ ಹೊರುವ ಆಳು, ಹಸಿವೂ ಇಬ್ಬರದು. “ದುಂಡಣ್ಣ ಉಣ್ಣಾಕ ಕುಂತ್ರ ನಾವು ಕೈ ತೊಳಕೊಂಡು ಒಂದು ನಿದ್ದಿ ತಗೀಬಹುದು,” ಎಂದು ಜೊತೆಯವರು ಕಾಡುತ್ತಿದ್ದರು. ದೇವರು ದಿಂಡರೆಂದರೆ ಅವನಿಗೆ ಅಷ್ಟಕ್ಕಷ್ಟೆ. ತಾಯಿಯವರಲ್ಲಿ ಭಕ್ತಿಯಿದ್ದದ್ದು ಅವನ ಹೆಂಡತಿ ಬಾಳವ್ವನಿಗೆ. ಸಂತೆಯ ದಿನ ಅವಳು ಬಂದು, ಗೋಣಿಯ ತುದಿ ಹಿಡಿದು, ಸಾಕಷ್ಟು ಹೊತ್ತು ಕುಳಿತು ಹೋಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಬಾಳವ್ವ ತೀರಿಕೊಂಡಳು.

ಅಲ್ಲಿಂದ ಮುಂದೆ ದುಂಡಪ್ಪ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಒಲೆಯ ಮುಂದೆ ಕುಳಿತರೆ ಅವಳಿಲ್ಲದ್ದು ಹೆಚ್ಚಾಗಿ ಕಾಣುತ್ತಿತ್ತು. ರಾತ್ರಿ ಖಾನಾವಳಿಯ ಊಟ, ಬೆಳಿಗ್ಗೆ ಬರೀ ಚಹಾ. ಹಮಾಲರೆಲ್ಲ ಬುತ್ತಿ ತೂಗುಹಾಕುವ ಗೂಟಗಳ ಸಾಲಿನಲ್ಲಿ ಅವನು ಬಾಳವ್ವನ ಬುತ್ತಿಯ ಬಟ್ಟೆಯನ್ನು ಬರಿದಾಗಿಯೇ ತೂಗುಹಾಕುತ್ತಿದ್ದ. ಮಧ್ಯಾಹ್ನ ಖಾನಾವಳಿಗೆ ಹೋಗಿಬರುತ್ತೇನೆಂದು ಎದ್ದು ಹೋಗುತ್ತಿದ್ದ. ದುಃಖದಲ್ಲಿರುವವನನ್ನು ಕೆದಕಿ ಕೇಳುವವರು ಯಾರು?

ಆದರೆ ಮಧ್ಯಾಹ್ನದವರೆಗೆ ಮೈ ತಡೆಯಬೇಕಲ್ಲ. ಎರಡನೆಯ ಲಾರಿ ಬರುವಷ್ಟರಲ್ಲಿ ತೊಡೆ ನಡುಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಹೆಗಲ ಮೇಲಿನ ಚೀಲದಿಂದ ಹೊಸ ಬೆಲ್ಲದ ಘಮ ಮೂಗಿಗೆ ನೇರವಾಗಿ ಬಡಿಯುತ್ತಿತ್ತು. ಒಂದು ದಿನ ಮಳಿಗೆಯ ಮೂಲೆಯಲ್ಲಿ ಚೀಲ ಇಳಿಸುವಾಗ ಅವನ ಬೆರಳು ತಾನಾಗಿಯೇ ಹೊಲಿಗೆಯನ್ನು ಸಡಿಲಿಸಿತು. ಒಂದು ಚೂರು ಬೆಲ್ಲ ದವಡೆಗೆ ಸೇರಿತು. ಆ ದಿನವೆಲ್ಲ ನಾಚಿಕೆಯಾಯಿತು. ಮರುದಿನ ಮತ್ತೆ ಹಸಿವಾಯಿತು.

ಪೇಟೆಯ ಕಟ್ಟಳೆ ಕಠಿಣವಾಗಿತ್ತು. ಒಬ್ಬ ಹಮಾಲ ಮಾಲಿಗೆ ಕೈಹಾಕಿದರೆ ಇಡೀ ತಂಡವನ್ನು ಬಿಡಿಸಿ ಬೇರೆ ತಂಡವನ್ನು ಕರೆಸುತ್ತಿದ್ದರು. ತಂಡದ ಹಿರಿಯ ಗುರುಪಾದಪ್ಪ ಅದನ್ನು ಬಲ್ಲವನು. ಅವನೊಂದು ಮುಂಜಾನೆ ದುಂಡಪ್ಪನನ್ನು ಮಳಿಗೆಯ ಮೂಲೆಯಲ್ಲಿ ನಿಲ್ಲಿಸಿ, ದನಿ ಏರಿಸದೆ ಹೇಳಿದ:

“ಮೀಸಿ ಒರಸ್ಕೋ ದುಂಡ್ಯಾ. ಬೆಲ್ಲ ಹತ್ತೇತಿ.”

ದುಂಡಪ್ಪ ಒರಸಿಕೊಂಡ.

“ನಿನ್ನೊಬ್ಬನ ನಾಲಿಗಿ ಸಲುವಾಗಿ ಎಲ್ಲಾರ ಹೊಟ್ಟಿ ಮ್ಯಾಲೆ ಕಲ್ಲು ಬೀಳತೈತಿ. ಇವತ್ತ ನಿನ್ನ ಬಿಡಿಸಿ ಕಳಸ್ತಿದ್ದೆ. ಬಾಳವ್ವನ ಮಾರಿ ನೆನಪಾಗತೈತಿ. ನಡಿ ಅವ್ವಾರ ಹಂತ್ಯಾಕ. ಅವರು ಇರು ಅಂದ್ರ ಇರು, ಹೋಗು ಅಂದ್ರ ಹೋಗು.”

“ಗೋಣಿ ಹೊಲಿಯೂ ಮುದುಕಿ ನನ್ನ ಹಸಿವಿಗೆ ಏನ್ ಮಾಡ್ಯಾಳು?” ಎಂದು ಗೊಣಗುತ್ತಲೇ ದುಂಡಪ್ಪ ಹಿಂದೆ ನಡೆದ. ಈ ಕೆಲಸವೂ ಹೋದರೆ ಹಗಲನ್ನು ಎಲ್ಲಿ ಕಳೆಯುವುದೆಂಬುದು ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಂತೂ ಸಾಧ್ಯವಿರಲಿಲ್ಲ.

ಗುರುಪಾದಪ್ಪ ನಡೆದದ್ದನ್ನೆಲ್ಲ ಹೇಳುವವರೆಗೂ ತಾಯಿಯವರ ದಬ್ಬಣ ನಿಲ್ಲಲಿಲ್ಲ. ಹೇಳಿ ಮುಗಿದ ಮೇಲೆ ಅವರು ದುಂಡಪ್ಪನತ್ತ ನೋಡಿದರು.

“ಬಾಳವ್ವ ಹೋದಾಗಿಂದ ನಿಮ್ಮನಿ ಚೂರು ಬಂದಿಲ್ಲೋ ಯಪ್ಪಾ.”

ದುಂಡಪ್ಪ ತಲೆ ತಗ್ಗಿಸಿದ. ತಾಯಿಯವರು ನೂಲು ಕಡಿದು ಮುಂದುವರಿಸಿದರು: “ನಾಳಿಂದ ನನ್ನ ಊಟ ನಿನ್ನ ಬುತ್ಯಾಗಿಂದು. ಬ್ಯಾರೆ ಯಾರ ಚೂರೂ ಬ್ಯಾಡ.”

ಗುರುಪಾದಪ್ಪ ದಿಗಿಲುಬಿದ್ದ. ತಾಯಿಯವರು ಅಲ್ಲಿಯವರೆಗೆ ಯಾರ ಬಳಿಯೂ ಬಾಯಿಬಿಟ್ಟು ಊಟ ಕೇಳಿದವರಲ್ಲ. “ಅವ್ವಾರ, ಇಂವಗ ಒಲಿ ಹಚ್ಚಾಕೂ ಬರಂಗಿಲ್ಲ,” ಎಂದ.

“ಕಲೀತಾನ,” ಎಂದರು ತಾಯಿಯವರು.

ಸುದ್ದಿ ತಿಳಿದ ಹಮಾಲರು, “ಹಂಗಾದ್ರ ಅವ್ವಾರು ಇನ್ನ ಉಪವಾಸನ ಬಿಡ್ರಿ,” ಎಂದು ನಕ್ಕರು. ನಗುವಿನಲ್ಲಿ ಅಂಜಿಕೆಯೂ ಇತ್ತು.

ಮರುದಿನ ಬೆಳಗಾಗುವ ಮೊದಲೇ ದುಂಡಪ್ಪ ಒಲೆಯ ಮುಂದೆ ಕುಳಿತ. ಹೊಗೆಗೆ ಕಣ್ಣು ಉರಿದವು, ಹೊಗೆಗಷ್ಟೇ ಅಲ್ಲ. ರೊಟ್ಟಿ ಒಂದು ಕಡೆ ಕರಕಾಯಿತು, ಇನ್ನೊಂದು ಕಡೆ ಹೇಗೋ ಬೆಂದಿತು. ಚಟ್ನಿಪುಡಿಯ ಜೊತೆಗೆ ಅದನ್ನೇ ಬಾಳವ್ವನ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದ. ಅಂದು ಲಾರಿಗಳು ಕಡಿಮೆ ಬಂದವು, ಬುತ್ತಿ ಉಳಿಯಿತು. ಮಧ್ಯಾಹ್ನ ತಾಯಿಯವರು ರೊಟ್ಟಿಯನ್ನು ಎರಡು ಮಾಡಿ, ಕರಕಾದ ಭಾಗವನ್ನು ತಾವು ಇಟ್ಟುಕೊಂಡು, ಬೆಂದದ್ದನ್ನು ಅವನ ಕೈಗೆ ಹಾಕಿದರು. “ಉಪ್ಪು ಮರತಿ,” ಎಂದಷ್ಟೇ ಹೇಳಿ, ಚೂರೂ ಬಿಡದೆ ಉಂಡರು.

ಅದರ ಮರುದಿನ ಲಾರಿಗಳು ಒಂದರ ಹಿಂದೆ ಒಂದು ಬಂದು ನಿಂತವು. ಎರಡನೆಯದು ಅರ್ಧ ಇಳಿಯುವಷ್ಟರಲ್ಲಿ ದುಂಡಪ್ಪನ ಕಣ್ಣಿಗೆ ಕತ್ತಲು ಕವಿಯಿತು. ಬೆಲ್ಲದ ಚೀಲವನ್ನು ಅವನು ಮುಟ್ಟಲಿಲ್ಲ. ಗೂಟದ ಬಳಿ ಹೋಗಿ, ಬುತ್ತಿ ಬಿಚ್ಚಿ, ಒಂದು ಅಂಚು ತಿಂದರೆ ಸಾಕೆಂದುಕೊಂಡ. ಅಂಚು ಮುಗಿಯಿತು. ಒಂದು ರೊಟ್ಟಿ ಮುಗಿಯಿತು. ಕೈ ತಳ ಮುಟ್ಟಿದಾಗ ಬಟ್ಟೆಯಲ್ಲಿ ಚಟ್ನಿಯ ಕಲೆ ಮಾತ್ರ ಉಳಿದಿತ್ತು.

ಮಧ್ಯಾಹ್ನ ಹೋಗಬಾರದೆನಿಸಿತು. ಆದರೂ ಕಾಲು ಅತ್ತಲೇ ನಡೆಯಿತು. ಅವನು ಬಾಗಿಲಿಗೆ ಬರುವಾಗ, ಹಮಾಲರು ತಂದಿದ್ದ ಮೊರವನ್ನು ತಾಯಿಯವರು ಕೈಮುಗಿದು ಹಿಂದಕ್ಕೆ ಕಳಿಸುತ್ತಿದ್ದರು. ಅವನ ಕೈಯಲ್ಲಿ ಜೋತುಬಿದ್ದ ಬಟ್ಟೆಯನ್ನು ಅವರು ನೋಡಿದರು. ತಂಬಿಗೆಯ ನೀರು ಕುಡಿದು, ಗೋಣಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ದುಂಡಪ್ಪ ನಿಂತೇ ಇದ್ದ. ತಾಯಿಯವರು ದಬ್ಬಣಕ್ಕೆ ನೂಲು ಪೋಣಿಸಲು ನೋಡಿದರು. ನೂಲು ದಬ್ಬಣದ ಕಣ್ಣಿಗೆ ಸಿಗದೆ ತಪ್ಪಿಸಿಕೊಂಡಿತು. ತುದಿಯನ್ನು ಒದ್ದೆ ಮಾಡಿ ಮತ್ತೆ ನೋಡಿದರು, ಮತ್ತೆ ತಪ್ಪಿತು. ಅವರ ಬೆರಳುಗಳು ನಡುಗುತ್ತಿದ್ದವು. ಆ ನಡುಕ ದುಂಡಪ್ಪನಿಗೆ ಗುರುತಿನದು. ಎರಡನೆಯ ಲಾರಿಯ ಹೊತ್ತಿಗೆ ತನ್ನ ತೊಡೆಯಲ್ಲಿ ಹುಟ್ಟುವಂಥದ್ದು. ಅದನ್ನು ಇನ್ನೊಂದು ಮೈಯಲ್ಲಿ ಅವನು ಕಂಡದ್ದು ಅದೇ ಮೊದಲು. ತಾನೇ ಕೊಟ್ಟ ಹಸಿವು ಅದು. ಅವನು ಕೆಳಗೆ ಕುಳಿತು ದಬ್ಬಣ ತೆಗೆದುಕೊಂಡು ನೂಲು ಪೋಣಿಸಿಕೊಟ್ಟ. ಆಮೇಲೆ ಗೋಣಿಯಲ್ಲಿ ಮುಖ ಹುದುಗಿಸಿ ಅತ್ತ. ಹೆಂಡತಿ ಸತ್ತ ದಿನ ಅವನು ಅತ್ತಿರಲಿಲ್ಲ.

“ಬೈರಿ ಅವ್ವಾ,” ಎಂದ.

“ಹಸದಾವ್ನ ಏನ್ ಬೈಯೂದು?” ತಾಯಿಯವರು ಅವನ ಬೆನ್ನಿನ ಮೇಲೆ ಕೈಯಿಟ್ಟರು. “ಹಸಿವು ತಪ್ಪಲ್ಲೋ ಮಗನ. ಅದಕ್ಕ ಹೊತ್ತು ಗೊತ್ತಾಗಂಗಿಲ್ಲ, ನಾವು ಗೊತ್ತು ಮಾಡಬೇಕು. ಬಾಳವ್ವ ಬುತ್ತಿಗೆ ಎಷ್ಟು ಗಂಟು ಹಾಕತಿದ್ಲು?”

ದುಂಡಪ್ಪ ತಲೆಯೆತ್ತಿದ. ನಡುವಿನ ದೊಡ್ಡ ಗಂಟಿನಲ್ಲಿ ರೊಟ್ಟಿ, ಪಲ್ಯ. ಅದಲ್ಲದೆ ಬಟ್ಟೆಯ ಮೂಲೆಯಲ್ಲಿ ಇನ್ನೊಂದು ಸಣ್ಣ ಗಂಟಿರುತ್ತಿತ್ತು. ಅದರಲ್ಲಿ ಒಂದು ಹಿಡಿ ಹುರಿದ ಶೇಂಗಾ, ಹುರಿಗಡಲೆ. “ಎರಡನೇ ಲಾರಿ ಬರೂ ಮುಂಚೆ ಬಾಯಾಗ ಹಾಕ್ಕೋರಿ,” ಎನ್ನುತ್ತಿದ್ದಳು. “ನಾ ಏನ್ ಸಾಲಿಗಿ ಹೋಗೂ ಹುಡುಗನೇನ?” ಎಂದು ಅವನು ನಗುತ್ತಿದ್ದ. ನಗುತ್ತಲೇ ದಿನವೂ ತಿನ್ನುತ್ತಿದ್ದ. ಇಷ್ಟು ವರ್ಷ ತನ್ನನ್ನು ಮಧ್ಯಾಹ್ನದವರೆಗೆ ಎತ್ತಿ ನಿಲ್ಲಿಸಿದ್ದು ತನ್ನ ತೋಳಬಲವೆಂದೇ ತಿಳಿದಿದ್ದ.

“ಎರಡು, ಅವ್ವಾ,” ಎಂದ.

“ಹಂಗಾದ್ರ ಎರಡು ಹಾಕು.”

ಮರುದಿನ ದುಂಡಪ್ಪ ಶೇಂಗಾ ಹುರಿದ. ಬಟ್ಟೆಯ ಆ ಮೂಲೆ ಬಾಳವ್ವನ ಗಂಟಿಗೆ ಸುಕ್ಕುಬಿದ್ದು ಹಾಗೆಯೇ ಇತ್ತು. ಸುಕ್ಕಿನ ಮೇಲೆಯೇ ಅವನೂ ಗಂಟು ಹಾಕಿದ. ಎರಡನೆಯ ಲಾರಿ ತಿರುವಿನಲ್ಲಿ ಕಾಣಿಸಿದಾಗ ಸಣ್ಣ ಗಂಟನ್ನು ಬಿಚ್ಚಿ ತಿಂದು, ಒಂದು ತಂಬಿಗೆ ನೀರು ಕುಡಿದು ಹೆಗಲು ಕೊಟ್ಟ. ಬೆಲ್ಲ ಅಂದೂ ಘಮಘಮಿಸಿತು. ಅವನು ಚೀಲ ಇಳಿಸಿ ತಿರುಗಿ ಬಂದ. ದೊಡ್ಡ ಗಂಟು ಮಧ್ಯಾಹ್ನದವರೆಗೆ ಗೂಟದಲ್ಲಿ ಭಾರವಾಗಿ ತೂಗಾಡಿತು.

ತಾಯಿಯವರು ಅಂದು ರೊಟ್ಟಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ, “ಇದು ಬಾಳವ್ವನ ಮನೀದು,” ಎಂದರು.

ಬೆರಳಿನಿಂದ ಸಡಿಲಿಸಿದ ಹೊಲಿಗೆಯ ಚೀಲ ಅಲ್ಲಿಂದ ಮುಂದೆ ಹೊಲಿಯಲೆಂದು ತಾಯಿಯವರ ಬಳಿಗೆ ಬರಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಅವರು ಮತ್ತೆ ಎಲ್ಲರ ಚೂರನ್ನೂ ತರಲು ಹೇಳಿದರು. ದುಂಡಪ್ಪನ ಚೂರು ಆ ಮೊರದಲ್ಲಿ ಎಂದೂ ತಪ್ಪಲಿಲ್ಲ. ತಾಯಿಯವರು ಲಿಂಗೈಕ್ಯರಾದ ಮೇಲೆಯೂ ಅವನು ಮೊದಲ ತುತ್ತಿಗೆ ಮುಂಚೆ ಒಂದು ಚೂರನ್ನು ತೆಗೆದಿಟ್ಟು, ಆ ಕೋಣೆಯ ಹೊಸ್ತಿಲಿಗೆ ಬಂದವರ ಕೈಗೆ ಹಾಕುತ್ತಿದ್ದ.

ತಂಡಕ್ಕೆ ಹೊಸಬ ಸೇರಿದರೆ, ಊರು ಯಾವುದು, ಹೆಸರೇನು ಎಂದು ಉಳಿದವರು ವಿಚಾರಿಸುತ್ತಿದ್ದರು. ದುಂಡಪ್ಪ ಮಾತ್ರ ಗೂಟದ ಬಳಿ ಹೋಗಿ ಅವನ ಬುತ್ತಿಯ ಮೂಲೆಯನ್ನು ಹಿಸುಕಿ ನೋಡುತ್ತಿದ್ದ. ಮೂಲೆ ಬರಿದಾಗಿದ್ದರೆ, ಎರಡನೆಯ ಲಾರಿ ಬರುವ ಮುಂಚೆ ತನ್ನ ಸಣ್ಣ ಗಂಟನ್ನು ಬಿಚ್ಚಿ, ಅರ್ಧ ಶೇಂಗಾವನ್ನು ಅವನ ಅಂಗೈಗೆ ಸುರಿಯುತ್ತಿದ್ದ.