ಉಪ್ಪಿನ ಭರಣಿಯಲ್ಲಿ ಸೌಟು

ಗುರುಗಳು ಹಣೆ ಮುಟ್ಟಿದೊಡನೆ ಅಂಬಿಗ ಬೊಮ್ಮಣ್ಣನಿಗೆ ನೆನಪು ಮರಳಿತೆಂದು ನದಿಯಾಚೆಯವರು ಇಂದಿಗೂ ಹೇಳುತ್ತಾರೆ. ಗುರುಗಳು ಅಂದು ಮುಟ್ಟಿದ್ದು ಗಂಜಿಯ ಬಟ್ಟಲನ್ನು ಮಾತ್ರ.

ದೋಣಿಯಿಂದ ಬಿದ್ದು ಬಂಡೆಗೆ ತಲೆ ಬಡಿದು ವರ್ಷಗಳೇ ಆಗಿದ್ದವು. ಗಾಯ ಮಾಯ್ದಿತ್ತು. ಆದರೆ ಬಲಗೈ ಸೋತಿತ್ತು. ಒಂದು ಕೆಲಸದ ನಂತರ ಮುಂದಿನದು ಯಾವುದೆಂದು ಬೊಮ್ಮಣ್ಣನಿಗೆ ತೋಚುತ್ತಿರಲಿಲ್ಲ.

ಅವನ ಹೆಂಡತಿ ಸಾತವ್ವ ಆಶ್ರಮಕ್ಕೆ ಬಂದಳು.

"ಮಗಳಿಗೆ ದಿನ ತುಂಬಿದೆ, ಗುರುಗಳೇ. ಅವಳಿಗೆ ಅತ್ತೆಯಿಲ್ಲ, ನಾನೇ ಹೋಗಬೇಕು. ಇವರು ಗಂಜಿ ಕಾಯಿಸಿಕೊಳ್ಳುತ್ತಾರೆ, ಉಪ್ಪು ಮರೆಯುತ್ತಾರೆ. ಏನು ಕಡಿಮೆಯೆಂದು ತಿಳಿಯದೆ ಬಟ್ಟಲು ಸರಿಸಿ ಹಸಿದೇ ಮಲಗುತ್ತಾರೆ. ಬಿಟ್ಟು ಹೇಗೆ ಹೋಗಲಿ?"

ಗುರುಗಳು ಶಿಷ್ಯ ಸುಕೇತನನ್ನು ಕರೆದರು. "ಅವನ ಮನೆಗೆ ಹೋಗು."

"ಇಲ್ಲಿಗೇ ಕರೆತಂದರೆ ಔಷಧ, ಸಲಕರಣೆ ಎಲ್ಲವೂ ಕೈಗೆಟಕುತ್ತವೆ, ಗುರುಗಳೇ."

"ಅವನು ಗಂಜಿ ಕಾಯಿಸುವುದು ಇಲ್ಲಿಯೇ?"

ಸುಕೇತ ಹೋದ. ಸಾತವ್ವ ಬಟ್ಟೆ ಒಗೆಯಲು ನದಿಗೆ ಹೋಗಿದ್ದಳು. ಗುಡಿಸಲನ್ನು ನೋಡಿ ಅವನಿಗೆ ದಿಗಿಲಾಯಿತು. ಹೊಸಿಲ ಬಳಿ ನೀರಿನ ಬಿಂದಿಗೆ, ಅದರ ಬಾಯಿಯ ಮೇಲೆ ನುಚ್ಚಿನ ಬಟ್ಟಲು. ಮಂಚದಡಿ ಸೌದೆ. ಬಾಗಿಲ ಅಗುಳಿಗೆ ನೇತುಬಿದ್ದ ಸೌಟು.

ಇಂಥ ಮನೆಯಲ್ಲಿ ಯಾರಿಗೆ ತಾನೇ ನೆನಪು ನಿಂತೀತು?

ಮಧ್ಯಾಹ್ನದೊಳಗೆ ಎಲ್ಲವೂ ಆಶ್ರಮದ ಔಷಧದ ಕೋಣೆಯಂತೆ ಸಾಲಾಗಿ ನಿಂತವು.

"ಬೇಡ, ಬೇಡ" ಎಂದ ಬೊಮ್ಮಣ್ಣ. ಸಂಕೋಚದ ಮನುಷ್ಯ ಎಂದುಕೊಂಡ ಸುಕೇತ.

ಮರುದಿನ ಬೆಳಿಗ್ಗೆ ಸುಕೇತ ಬಂದಾಗ ಒಲೆ ತಣ್ಣಗಿತ್ತು. ಬೊಮ್ಮಣ್ಣ ಗುಡಿಸಲಿನ ನಡುವೆ ಬರಿಗೈಯಲ್ಲಿ ನಿಂತಿದ್ದ.

"ಚಿಕ್ಕ ಸ್ವಾಮಿ" ಎಂದಳು ಸಾತವ್ವ, "ಇಷ್ಟು ದಿನ ಉಪ್ಪೊಂದೇ ಸಿಗುತ್ತಿರಲಿಲ್ಲ. ಇವತ್ತು ನೀರೂ ಸಿಗಲಿಲ್ಲ."

ಸುಕೇತ ಓಡಿಹೋಗಿ ಗುರುಗಳಿಗೆ ಎಲ್ಲವನ್ನೂ ಹೇಳಿದ. ಗುರುಗಳು ಜೊತೆಯಲ್ಲೇ ಬಂದರು.

"ಎಲ್ಲೆಲ್ಲಿತ್ತೋ ಅಲ್ಲಲ್ಲೇ ಇಡು."

ಸುಕೇತ ಬಟ್ಟಲನ್ನು ಕೈಗೆತ್ತಿಕೊಂಡ. ಎರಡು ಹೆಜ್ಜೆ ಇಟ್ಟ. ನಿಂತ. "ಇದು... ಎಲ್ಲಿತ್ತು?"

ಬೊಮ್ಮಣ್ಣ ಗೊಳ್ಳೆಂದು ನಕ್ಕ. "ಚಿಕ್ಕ ಸ್ವಾಮಿಗೂ ತಲೆಗೆ ಪೆಟ್ಟಾಯಿತೇ? ಕೊಡಿ ಇತ್ತ!"

ಮುಂದೆ ಬಂದು ಎಡಗೈಯಲ್ಲಿ ಬಟ್ಟಲನ್ನು ಕಸಿದುಕೊಂಡ. "ಇದು ಬಿಂದಿಗೆ ಮೇಲೆ. ನೀರಿಗೆ ಹೋದರೆ ನುಚ್ಚು ಸಿಗುತ್ತದೆ. ಸೌದೆ ಮಂಚದಡಿ. ಎದ್ದು ಕಾಲಿಟ್ಟರೆ ಸೌದೆ."

"ಸೌಟು ಅಗುಳಿಗೇಕೆ?" ಎಂದ ಸುಕೇತ.

"ಕುದಿ ಬಂದಾಗ ಮನೆ ತುಂಬ ಹೊಗೆ. ಬಾಗಿಲು ತೆಗೆಯಬೇಡವೇ?"

ಸುಕೇತನ ಕೈಯಲ್ಲಿ ಉಪ್ಪಿನ ಭರಣಿಯೊಂದೇ ಉಳಿಯಿತು.

"ಅದು ಗೋಡೆಯ ಗೂಡಿನಲ್ಲಿತ್ತು" ಎಂದಳು ಸಾತವ್ವ. "ಅದೊಂದನ್ನು ಇಟ್ಟವಳು ನಾನು."

ಸುಕೇತ ಗೂಡಿನ ಕಡೆಗೆ ಹೊರಟವನು ಹಿಂದಿರುಗಿದ. "ಬೊಮ್ಮಣ್ಣ, ಇದು ಎಲ್ಲಿರಲಿ?"

ಬೊಮ್ಮಣ್ಣ ಬಹಳ ಹೊತ್ತು ಯೋಚಿಸಿದ. ಸುಕೇತನ ತುಟಿ ಮಿಡುಕಿತು. ಗುರುಗಳು ಅವನತ್ತ ನೋಡಿದರು. ಅವನು ಬಾಯಿ ಬಿಗಿಹಿಡಿದ.

ಬೊಮ್ಮಣ್ಣ ಭರಣಿಯನ್ನು ಬಾಗಿಲ ಮೂಲೆಯಲ್ಲಿ, ಅಗುಳಿಯ ಕೆಳಗೇ ಇಟ್ಟ. ಸೌಟನ್ನು ತೆಗೆದು ಉಪ್ಪಿನೊಳಗೆ ನೆಟ್ಟ.

"ಸೌಟನ್ನು ಯಾರಾದರೂ ಉಪ್ಪಿನಲ್ಲಿಡುತ್ತಾರೆಯೇ!" ಸುಕೇತ ಮತ್ತು ಸಾತವ್ವ ಒಟ್ಟಿಗೇ ಕೂಗಿದರು.

"ನಾನಿಡುತ್ತೇನೆ."

ಒಲೆ ಹೊತ್ತಿತು. ಕುದಿ ಬಂತು, ಹೊಗೆ ತುಂಬಿತು. ಬೊಮ್ಮಣ್ಣ ಬಾಗಿಲು ತೆಗೆದ, ಸೌಟನ್ನು ಎತ್ತಿದ. ಸೌಟಿನ ತುಂಬ ಉಪ್ಪು ಎದ್ದು ಬಂತು.

ಗುರುಗಳು ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಉಪ್ಪು ಜಾಸ್ತಿ."

"ಜಾಸ್ತಿ!" ಸಾತವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಕೇಳಿದಿರಾ? ಜಾಸ್ತಿಯಂತೆ!"

"ನಾಳೆ ಸೌಟು ಕೊಡವುತ್ತೇನೆ" ಎಂದ ಬೊಮ್ಮಣ್ಣ ಗಂಭೀರವಾಗಿ.

ಮರುದಿನ ಕೊಡವಿದ. ಗಂಜಿ ಹದವಾಗಿತ್ತು. ಸಾತವ್ವ ಗಂಟು ಕಟ್ಟಿ ಮಗಳ ಊರಿಗೆ ದೋಣಿ ಹತ್ತಿದಳು. ದಡದಲ್ಲಿ ನಿಂತ ಬೊಮ್ಮಣ್ಣ ದೋಣಿ ನಡೆಸುವವನಿಗೆ ಹುಟ್ಟು ಹಾಕುವುದು ಹೀಗಲ್ಲವೆಂದು ಕೂಗಿ ಹೇಳುತ್ತಿದ್ದ.

ಆಶ್ರಮಕ್ಕೆ ಮರಳುವ ದಾರಿಯಲ್ಲಿ ಸುಕೇತ ಕೇಳಿದ: "ಸಾತವ್ವ ಬರುವವರೆಗೆ ನಾನು ದಿನವೂ ಅವನ ಮನೆಗೆ ಹೋಗಲೇ, ಗುರುಗಳೇ?"

"ತಪ್ಪದೆ ಹೋಗು. ಬೊಮ್ಮಣ್ಣನ ಆರೈಕೆಯಲ್ಲಿ ನೀನು ಬೇಗ ಚೇತರಿಸಿಕೊಳ್ಳುವೆ."