ಸಿದರಾಯ ಒಂದೇ ದಿನದಲ್ಲಿ ವಿಜಾಪುರ ನೋಡಿಬಂದದ್ದು

ಹೂಂಗುಟ್ಟುವವರು ಹೂಂಗುಟ್ಟಿ, ನಗುವವರು ಆಮೇಲೆ ನಗಿ. ವಿಜಾಪುರದ ಹತ್ತಿರ ಒಂದು ಹಳ್ಳಿ. ಅಲ್ಲಿ ತಂಗೆವ್ವ ಅಂತ ಒಬ್ಬ ಮುದುಕಿ, ಅವಳಿಗೆ ಸಿದರಾಯ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲಷ್ಟೆತ್ತರ, ಬುದ್ಧಿ ಮಾತ್ರ ಹೊಸ್ತಿಲ ಮಟ್ಟ! ಹೇಳಿದ್ದನ್ನು ಮಾಡೋದಿಲ್ಲ ಅಂತಿಲ್ಲ, ಹೇಳಿದಷ್ಟನ್ನೇ ಮಾಡುತ್ತಾನೆ. ಒಂದು ದಿನ ಅವ್ವ, "ರೊಟ್ಟಿ ಆರದಂಗ ನೋಡ್ಕೊಳ್ಳೋ" ಅಂದು ಹೊಲಕ್ಕೆ ಹೋದಳು. ಬಂದು ನೋಡಿದರೆ ರೊಟ್ಟಿಗೆ ಕಂಬಳಿ ಹೊದಿಸಿ, ಮೇಲೆ ತನ್ನ ಅಂಗಿಯನ್ನೂ ಹಾಕಿ, ತಾನು ಬರಿಮೈಯಲ್ಲಿ ಗಡಗಡ ನಡುಗುತ್ತಾ ಕೂತಿದ್ದ!

ತಂಗೆವ್ವನಿಗೆ ಒಂದೇ ಆಸೆ ಉಳಿದಿತ್ತು. ಮನೆಯ ಮಾಳಿಗೆ ಏರಿದರೆ ದೂರದಲ್ಲಿ ಗೋಳಗುಮ್ಮಟ ಕಾಣುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದನ್ನು ನೋಡುತ್ತಾ, ಒಂದು ದಿನ ಹತ್ತಿರ ಹೋಗಬೇಕು, ಊರೆಲ್ಲ ನೋಡಬೇಕು ಅಂದುಕೊಳ್ಳುತ್ತಲೇ ಇದ್ದಳು. ಇವತ್ತು, ನಾಳೆ ಅನ್ನುವುದರೊಳಗೆ ಮೊಣಕಾಲು ಹೋದವು. ಈಗ ಬಸ್ಸಿರಲಿ, ಮಾಳಿಗೆ ಏರೋದೂ ಆಗದು.

"ಸಿದರಾಯಾ, ನನ್ನ ಕಾಲಂತೂ ಹೋದವು. ನಿನ್ನ ಕಣ್ಣs ನನ್ನ ಕಣ್ಣು. ವಿಜಾಪುರಕ್ಕ ಹೋಗಿ ಒಂದ ದಿನದಾಗ ಚಲೋ ಚಲೋದ್ದೆಲ್ಲಾ ನೋಡ್ಕೊಂಡ ಬಂದು ನನಗ ಹೇಳು."

"ಹೂಂನವ್ವಾ!"

"ದೊಡ್ಡ ಊರು. ಎದುರಿಗೆ ಬಂದವರಿಗೆ ನಮಸ್ಕಾರ ಅನ್ನು. ಅವರು ಎಷ್ಟ ಸರ್ತಿ ಅಂತಾರೋ ಅಷ್ಟ ಸರ್ತಿ ತಿರುಗಿ ಅನ್ನು. ಸೊಕ್ಕಿನವ ಅನಬಾರದು ನಿನಗ."

"ಹೂಂನವ್ವಾ!"

ಬೆಳಗಿನ ಬಸ್ಸಿಗೆ ಹೋದ. ವಿಜಾಪುರದಲ್ಲಿ ಇಳಿದರೆ ಟಾಂಗಾದ ದಸ್ತಗೀರಸಾಬ ಸಿಕ್ಕ. ಬಿಳಿ ಗಡ್ಡದ ಮನುಷ್ಯ, ಒಳ್ಳೆಯವನು, ಆದರೆ ಮೂಗಿನ ತುದಿಯಲ್ಲೇ ಸಿಟ್ಟು.

"ಕಾಕಾ, ಇವತ್ತೊಂದ ದಿನದಾಗ ಊರಾಗಿನ ಚಲೋದ್ದೆಲ್ಲಾ ತೋರಸ್ರಿ. ನಮ್ಮವ್ವಗ ಹೇಳಬೇಕು."

ಅವ್ವನ ಹೆಸರು ಕೇಳಿ ಮುದುಕ ಕರಗಿದ. "ಏರ ಮಗನ! ಸಂಜಿ ಬಸ್ಸಿಗೆ ತಂದ ಬಿಡತೀನಿ."

ಮೊದಲು ಗೋಳಗುಮ್ಮಟ. ಸಿದರಾಯ ಸುತ್ತು ಮೆಟ್ಟಿಲು ಹತ್ತಿ ಗುಮ್ಮಟದೊಳಗಿನ ಸುತ್ತುಗಟ್ಟೆಗೆ ಹೋದ. ಎದುರಿಗೆ ಒಬ್ಬ ಕಾವಲುಗಾರ. ಅವ್ವನ ಮಾತು ನೆನಪಾಯಿತು. ಕೈಮುಗಿದು, "ನಮಸ್ಕಾರ್ರೀ!" ಅಂದ.

ಕಾವಲುಗಾರ ಸುಮ್ಮನೆ ತಲೆ ಆಡಿಸಿದ. ಗುಮ್ಮಟ ಸುಮ್ಮನಿದ್ದೀತೇ? ನಮಸ್ಕಾರ್ರೀ, ನಮಸ್ಕಾರ್ರೀ, ನಮಸ್ಕಾರ್ರೀ ಅಂತ ಏಳು ಸಲ ತಿರುಗಿ ಅಂದಿತು!

"ಅಬಾಬಾ! ಎಷ್ಟ ಮರ್ಯಾದಿ ಮಂದಿ!" ಅಂದು ಸಿದರಾಯ ಏಳಕ್ಕೆ ಏಳು ತಿರುಗಿ ಕೊಟ್ಟ. ಕೊಟ್ಟ ಒಂದೊಂದಕ್ಕೂ ಮತ್ತೆ ಏಳೇಳು ಬಂದವು. ಅವಕ್ಕೂ ಕೊಟ್ಟ. ಮತ್ತೆ ಬಂದವು. ಮತ್ತೆ ಕೊಟ್ಟ. ಬಂದ ಜನ ಕಿವಿ ಮುಚ್ಚಿಕೊಂಡು ಇಳಿದು ಹೋದರು. ಹೊತ್ತು ನೆತ್ತಿಗೆ ಬಂತು, ಇವನ ಗಂಟಲು ಕಟ್ಟಿತು, ಕೈ ಮುಗಿದದ್ದು ಮುಗಿದಂತೆಯೇ ಇತ್ತು. ಕೊನೆಗೆ ದಸ್ತಗೀರಸಾಬ ಏದುಸಿರು ಬಿಡುತ್ತಾ ಹತ್ತಿ ಬಂದು ಕಾಲರು ಹಿಡಿದು ಎಳೆದ.

"ಬಿಡ್ರಿ ಕಾಕಾ! ಇನ್ನೂ ಭಾಳ ಮಂದೀದು ಬಾಕಿ ಐತಿ!"

"ಹುಚ್ಚ ಖೋಡಿ! ಅದು ನಿಂದs ದನಿ! ಅರ್ಧಾ ದಿನ ಹಾಳ ಮಾಡಿದಿ. ಇನ್ನ ಯಾರ್ ಎಷ್ಟ ಮಾತಾಡ್ಸಿದ್ರೂ ಬಾಯಿ ಬಿಡಬ್ಯಾಡ!"

"ಹೂಂನ್ರೀ!"

ಟಾಂಗಾ ಹೊರಟಿತು, ಟಕಟಕ, ಟಕಟಕ. ಕೋಟೆಯ ಮೇಲಿನ, ಗುಂಡು ಹಾರಿಸುವ ದೊಡ್ಡ ತೋಪಿನ ಹತ್ತಿರ ಬಂತು. ಹೊರಗೆ ಉರಿಬಿಸಿಲು, ತೋಪಿನ ಹೊಟ್ಟೆ ಮಾತ್ರ ತಣ್ಣಗೆ. ಇವನ ಕಣ್ಣೆದುರೇ ಒಂದು ಆಡು ತೋಪಿನ ಬಾಯೊಳಗೆ ನುಗ್ಗಿ ಮಲಗಿತು. ಹಿಂದೆಯೇ ಒಬ್ಬ ಅಜ್ಜಿ ಅಳುತ್ತಾ ಬಂದಳು.

"ಯಪ್ಪಾ, ನನ್ನ ಆಡು ಕಂಡೀಯೇನು?"

ಸಿದರಾಯ ತುಟಿ ಬಿಗಿಹಿಡಿದ.

"ಕರೀ ಆಡೋ ಯಪ್ಪಾ! ಒಂದs ಕಿವಿ ಬೆಳ್ಳಗ ಐತಿ!"

ತುಟಿ ಬಿಗಿಯೇ. ಅಜ್ಜಿ ಅಳೋದು ನೋಡಿ ಇವನಿಗೂ ಅಳು ಬಂತು, ದಳದಳ ಕಣ್ಣೀರು ಇಳಿಯಿತು, ಬಾಯಿ ಮಾತ್ರ ಬಿಡಲಿಲ್ಲ! ಅಷ್ಟರಲ್ಲಿ ತೋಪಿನ ಹೊಟ್ಟೆಯಿಂದ "ಮ್ಯಾಂ...!" ಅಂತ ದನಿ ಬಂತು. "ತೋಪು ಒದರ್ತು! ತೋಪು ಒದರ್ತು!" ಅಂತ ಜನ ಬಿದ್ದೆದ್ದು ಓಡಿದರು. ಅಜ್ಜಿ ಆಡನ್ನು ಹೊರಗೆಳೆದಳು.

"ನೀ ಕಂಡಿದ್ದಿಯಿಲ್ಲ?"

ಸಿದರಾಯ ಹೌದು ಅಂತ ತಲೆ ಆಡಿಸಿದ. ಆಡಿಗೆ ಬೀಳಬೇಕಾದ ಬಡಿಗೆ ಇವನ ಬೆನ್ನಿಗೆ ಬಿತ್ತು.

ದಸ್ತಗೀರಸಾಬ ಹಣೆ ಚಚ್ಚಿಕೊಂಡ. "ಮಂಗ್ಯಾ! ಕಂಡದ್ದನ್ನ ಕಂಡಂಗ, ಎಲ್ಲಾರಿಗೂ ಕೇಳೂ ಹಂಗ ಒದರಿ ಹೇಳಬೇಕು!"

"ಹೂಂನ್ರೀ!"

ಅಲ್ಲೇ ಹತ್ತಿರ ಉಪ್ಪಲಿ ಬುರುಜು. ಹೊರಮೈಗೆ ಸುತ್ತಿದ ಮೆಟ್ಟಿಲು ಹತ್ತಿ ನಿಂತರೆ ಇಡೀ ಊರು ಅಂಗೈಯಲ್ಲಿ ಇದ್ದಂತೆ ಕಾಣುತ್ತದೆ. ನೀವಾಗಿದ್ದರೆ ಕಣ್ತುಂಬ ನೋಡಿ ಇಳಿಯುತ್ತಿದ್ದಿರಿ. ನಮ್ಮ ಸಿದರಾಯ ಕೈ ಬಾಯಿಗೆ ಹಚ್ಚಿ ಒದರಿದ.

"ಏ ಕೆಂಪ ಸೀರಿ ಅಕ್ಕಾ! ನಿಮ್ಮತ್ತಿ ಮಾಳಿಗ್ಯಾಗ ಹಪ್ಪಳ ಕದ್ದ ತಿನ್ನಾಕತ್ತಾಳ!"

"ಏ ಬಿಳೇ ಟೊಪಗಿ ಕಾಕಾ! ನಿನ್ನ ಕೋಳಿ ಮಗ್ಗಲ ಮನಿಯವರ ಬುಟ್ಟ್ಯಾಗ ಐತಿ! ಮ್ಯಾಲ ಕೌದಿ ಹಾಕ್ಯಾರ!"

"ಏ ಮಾಸ್ತರ್ರ! ನೀವು ಹಿತ್ತಲದಾಗ ಬೀಡಿ ಸೇದೂದೂ ಕಾಣತೈತಿ, ನಿಮ್ಮ ಮನಿಯವರು ಬಾಗಲ ಹಿಂದ ಕಸಬರಿಗಿ ಹಿಡ್ಕೊಂಡ ನಿಂತದ್ದೂ ಕಾಣತೈತ್ರೀ!"

ಊರೇ ಎದ್ದಿತು. ಅತ್ತೆಗೂ ಸೊಸೆಗೂ ಹತ್ತಿತು, ಟೊಪಗಿಗೂ ಕೌದಿಗೂ ಹತ್ತಿತು. ಮಾಸ್ತರರದ್ದು ಏನಾಯಿತೋ, ನಾನು ಹೇಳಲಾರೆ. ಎಲ್ಲರೂ ಸೇರಿ ಬುರುಜಿನ ಕಡೆ ಓಡಿಬಂದರು. ದಸ್ತಗೀರಸಾಬ ಇವನನ್ನು ಟಾಂಗಾದೊಳಗೆ ಹೇರಿಕೊಂಡು ಕುದುರೆ ಓಡಿಸಿದ.

"ಕಂಡದ್ದೆಲ್ಲಾ ಹೇಳತಾರೇನೋ? ಕಣ್ಣ ಮುಚ್ಕೋ! ಏನೂ ನೋಡಬ್ಯಾಡ!"

"ಹೂಂನ್ರೀ!"

ಕಡೆಯದು ಇಬ್ರಾಹಿಂ ರೋಜಾ. ಅದರಷ್ಟು ಚೆಂದದ್ದು ಊರಲ್ಲಿ ಇನ್ನೊಂದಿಲ್ಲ ಅಂತ ದಸ್ತಗೀರಸಾಬನಿಗೆ ಬಹಳ ಅಭಿಮಾನ. ಎಲ್ಲಕ್ಕಿಂತ ಚಲೋದ್ದು ಕಡೆಗಿರಲಿ ಅಂತಲೇ ಇಟ್ಟಿದ್ದ. ಇವನನ್ನು ಒಳಗೆ ಕಳಿಸಿ ಕುದುರೆಗೆ ನೀರು ಕುಡಿಸಲು ಹೋದ. ಬಂದು ನೋಡಿದರೆ ಸಿದರಾಯ ತಡವರಿಸುತ್ತಾ ಹೊರಗೆ ಬರುತ್ತಿದ್ದಾನೆ, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು!

"ಹೆಂಗಿತ್ತೋ ಮಗನ?"

"ಭಾಳ ಗಟ್ಟಿ ಐತ್ರಿ ಕಾಕಾ!"

ಕಣ್ಣು ಇನ್ನೂ ಮುಚ್ಚೇ ಇದ್ದವು. ಮುದುಕನಿಗೆ ನಿಜವಾಗಿ ಸಂಕಟವಾಯಿತು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು, ತಿರುಗಿ ಒಳಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ.

"ಅಲ್ಲೋ ತಮ್ಮಾ, ಆ ಮುದುಕಿ ಹಾದಿ ನೋಡತಿರತಾಳ. ಏನಂತ ಹೇಳತಿ ಆಕಿಗೆ? ಇನ್ನ ಮುಂದಾದ್ರೂ ಎದುರಿಗೆ ಬಂದದ್ದನ್ನ ಸಮಾಧಾನಲೆ ನೋಡು. ಮುಂದ ನೋಡು, ಹಿಂದ ನೋಡು, ಸುತ್ತ ಹಾಕಿ ನೋಡು. ಆಮ್ಯಾಲ ನಿಮ್ಮವ್ವಗ ಬಿಡಿಸಿ ಹೇಳು."

"ಹೂಂನ್ರೀ!"

ಬಸ್ಸು ಹತ್ತಿದವನು ಊರು ಬರುವವರೆಗೂ ನಿದ್ದೆ ಹೊಡೆದ. ಇತ್ತ ತಂಗೆವ್ವ ಮಧ್ಯಾಹ್ನದಿಂದಲೇ ಕಟ್ಟೆಗೆ ಬಂದು ಕೂತಿದ್ದಳು. ಓಣಿಯ ಹೆಂಗಸರನ್ನೂ ಕರೆದು ಕೂಡಿಸಿದ್ದಳು. "ನನ್ನ ಮಗ ಇವತ್ತ ವಿಜಾಪುರ ತರತಾನ, ಕೇಳ್ರೆವಾ!" ಅಂದಿದ್ದಳು.

ಹೊತ್ತು ಮುಳುಗುವ ಮುಂಚೆ ಮಗ ಬಂದ. ಬಂದವನು ಅವ್ವನ ಹತ್ತಿರ ಬರಲಿಲ್ಲ. ಮನೆಯ ಮುಂದೆ ನಿಂತು ನೋಡಿದ, ಹಿಂದೆ ಹೋಗಿ ನೋಡಿದ, ಮೂರು ಸುತ್ತು ಹಾಕಿ ನೋಡಿದ. ಆಮೇಲೆ ಬಂದು ಕೂತ.

"ಹೇಳೋ ಸಿದರಾಯಾ! ಚಲೋದ್ದು ಏನ್ ನೋಡಿದಿ?"

"ಒಂದನ್ನ ಮಾತ್ರ ಕಣ್ತುಂಬ ನೋಡೀನವ್ವಾ. ಗ್ವಾಡಿ ಮಣ್ಣಿಂದು. ಮೂಲ್ಯಾಗ ಒಂದು ಬಿರಕು. ಹಿಂದ ಒಡಕ ಬಾನಿ, ಬಾನ್ಯಾಗ ಕೋಳಿ. ಮುಂದ ಕಟ್ಟಿ. ಕಟ್ಟೀ ಮ್ಯಾಲ ಒಬ್ಬಾಕಿ ಮುದುಕಿ ಮೊಣಕಾಲ ಹಿಡ್ಕೊಂಡ ಮಗನ ಹಾದಿ ನೋಡಾಕತ್ತಾಳ. ಭಾಳ ಚೆಂದ ಐತವ್ವಾ! ನೀನೂ ಒಮ್ಮಿ ನೋಡಬೇಕು!"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ತಂಗೆವ್ವನ ಮುಖ ಇಳಿಯಿತು.

"ಗೋಳಗುಮ್ಮಟ? ಅದನ್ನೂ ನೋಡಲಿಲ್ಲೇನೋ?"

"ಎಲ್ಲಿ ಬಿಡುವು ಅವ್ವಾ? ನಾ ಒಂದ ನಮಸ್ಕಾರ ಅಂದ್ರ ಅದು ಏಳ ಅಂತೈತಿ. ಮದಲಿಂದು ಜೋರು, ಕಡೀದು ಹೊಟ್ಟ್ಯಾಗ ಅಂದಂಗ. ತಿರುಗಿ ಕೊಡೂದ್ರಾಗ ಹೊತ್ತ ಹೋತು."

ತಂಗೆವ್ವನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಕೈ ಎತ್ತಿ ಜೋಡಿಸಿ, "ನಮಸ್ಕಾರಪಾ ಮಗನ ನಿನಗ!" ಅಂದಳು.

ಸಿದರಾಯ ತಟ್ಟನೆ ಎದ್ದು ಕೈಮುಗಿದು ನಿಂತ. ನಿಂತೇ ನಿಂತ.

"ಯಾಕೋ ನಿಂತಿ?"

"ಇನ್ನ ಆರ ಬರಬೇಕವ್ವಾ!"

ಅವ್ವ ಮಗನ ಮುಖ ನೋಡಿದಳು, ಹಣೆಯ ಬಾವು ನೋಡಿದಳು. ಎರಡನೆಯ ನಮಸ್ಕಾರ ಸಿಟ್ಟಿನಲ್ಲೇ ಅಂದಳು. ಮೂರನೆಯದಕ್ಕೆ ನಗು ಬಂತು. ನಾಲ್ಕು, ಐದು, ಆರು ಅನ್ನುತ್ತಾ ದನಿ ಸಣ್ಣದಾಗುತ್ತಾ ಹೋಯಿತು. ಏಳನೆಯದು ಅವನಿಗಷ್ಟೇ ಕೇಳಿಸಿತು.

"ಹಿಂಗ ಏನೋ, ಗುಮ್ಮಟ ಅಂದ್ರ?"

"ಹಿಂಗs ಅವ್ವಾ! ಖರೇನ ಹಿಂಗs!"

ಅಂದವನೇ ಏಳನ್ನೂ ತಿರುಗಿ ಕೊಡಲು ಶುರು ಮಾಡಿದ. ಒಂದೊಂದಕ್ಕೂ ಅವ್ವ ಏಳೇಳು ಕೊಟ್ಟಳು. ಅವು ಮುಗಿದಿದ್ದರೆ ನಮ್ಮ ಕತೆಯೂ ಮುಗಿಯುತ್ತಿತ್ತು. ಒಳಗೆ ರೊಟ್ಟಿ ಆರಿ ಹಪ್ಪಳವಾದವು, ಅವಕ್ಕೆ ಕಂಬಳಿ ಹೊದಿಸಲು ಆ ಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲ.