ಅರಿಶಿನ ನೀರಲ್ಲಿ ಒರೆಸಿದ ಫ್ಲಾಪಿ

ಕಂಪ್ಯೂಟರ್ ಮುಟ್ಟೋಕೆ ಕಾಲು ಯಾಕೆ ತೊಳೀಬೇಕಿತ್ತು ಅಂತ ಕೇಳಿದ್ರೆ ಏನು ಹೇಳೋದು ಮಕ್ಕಳೇ? ಆಗ ಹಾಗೇ ಇತ್ತಪ್ಪ! ವೈರಸ್ ಅಂದ್ರೆ ನೆಗಡಿ ಥರ ಅಂಟುತ್ತೆ ಅಂತ ಇಡೀ ಕಾಡೇ ನಂಬಿತ್ತು.

ಆ ಕಾಡಿನಲ್ಲಿ ಇದ್ದಿದ್ದು ಒಂದೇ ಹೊಂಡ, ಒಂದೇ ಕಂಪ್ಯೂಟರ್. ಯಾರು ಯಾವಾಗ ನೀರು ಕುಡೀಬೇಕು ಅಂತ ಕಂಪ್ಯೂಟರ್ ತೋರಿಸ್ತಿತ್ತು, ಗಿಳಿ ಕೂಗಿ ಹೇಳ್ತಿತ್ತು. ಹುಲಿ ಬಂದಾಗ ಜಿಂಕೆ ಇರಬಾರದು, ನರಿ ಬಂದಾಗ ಮೊಲ ಇರಬಾರದು. ಅದಕ್ಕೇ ಈ ಸರದಿ.

ಹೆಡ್ ಗುಮಾಸ್ತ ಕರಡಿ ದೂಮಣ್ಣ. ಆ ಆಫೀಸನ್ನ ಅವನು ಎಷ್ಟು ಚೆಂದ ಇಟ್ಟಿದ್ದ! ಕಂಪ್ಯೂಟರಿಗೆ ಹೂವಿನ ಬಟ್ಟೆಯ ಹೊದಿಕೆ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ, ಹೊರಗೆ ಕಾಲು ತೊಳೆಯೋ ತೊಟ್ಟಿ. ಆನೆ ನಾಲ್ಕೂ ಕಾಲು ತೊಳೆದು ಒಳಗೆ ಬರೋ ಹೊತ್ತಿಗೆ ಊಟಕ್ಕೆ ಆಫೀಸು ಮುಚ್ಚಿರ್ತಿತ್ತು.

ಒಂದಿನ ನರಿ ಚೆಲುವ ಒಂದು ಫ್ಲಾಪಿ ತಂದ. ಫ್ಲಾಪಿ ಅಂದ್ರೆ ಈಗಿನ ಪೆನ್‌ಡ್ರೈವ್‌ನ ಅಜ್ಜ.

"ದೂಮಣ್ಣೋರೇ, ಇದರಲ್ಲಿ ಜೇನಿನ ಆಟ ಇದೆ. ಗೂಡು ಕಿತ್ತಷ್ಟೂ ಜೇನು!"

"ಸಾರ್, ಹೊರಗಿನ ಫ್ಲಾಪಿ ಹಾಕಬೇಡಿ! ಹಾಕಬೇಡಿ!" ಅಂತು ಗಿಳಿ.

ಗಿಳಿ ಅಂದ್ಮೇಲೆ ಹೇಳಿದ್ದೇ ಹೇಳುತ್ತೆ ಅಂದ್ಕೊಂಡ ದೂಮಣ್ಣ. ಆದ್ರೂ ಅವನು ಹುಷಾರಿನ ಮನುಷ್ಯ, ಅಲ್ಲ, ಹುಷಾರಿನ ಕರಡಿ. ಫ್ಲಾಪಿಯನ್ನ ಅರಿಶಿನ ನೀರಲ್ಲಿ ನೀಟಾಗಿ ಒರೆಸಿ, ಆರಿಸಿ, ಆಮೇಲೇ ಒಳಗೆ ಹಾಕಿದ.

ಜೇನು ಬರಲಿಲ್ಲ. ವೈರಸ್ ಬಂತು.

ಸರದಿ ಕಲಸಿ ಮೊಲಗಳ ಜೊತೆ ಹೊಂಡಕ್ಕೆ ಹೋಗೋದು ನರಿಯ ಲೆಕ್ಕ. ಆದ್ರೆ ವೈರಸ್‌ಗೆ ತಂದವನ ಗುರುತು ಎಲ್ಲಿ? ಮಾರನೇ ದಿನ ಅದು ಮೊಲ, ನರಿ, ಹುಲಿ ಎಲ್ಲರಿಗೂ ಒಂದೇ ಹೊತ್ತು ಕೊಟ್ಟಿತ್ತು. ಗಿಳಿ ಪರದೆ ನೋಡಿ "ಮೊಲಗಳೂ, ನರಿಯೂ..." ಅಂತ ಕೂಗಿದ್ದೇ ತಡ, ದೂಮಣ್ಣನಿಗೆ ಎಡವಟ್ಟು ಗೊತ್ತಾಯ್ತು. ಎದ್ದು ಬಿದ್ದು ಓಡಿ, ದಾರೀಲೇ ಮೊಲಗಳನ್ನ ತಡೆದ.

ನರಿ ಆಗಲೇ ಹೊಂಡದ ಹತ್ತಿರ ಪೊದೆಯಲ್ಲಿ ಕಾಯ್ತಾ ಇತ್ತು. ಹಿಂದಿನಿಂದ ಹುಲಿ ಬಂತು.

"ಏನಪ್ಪಾ, ನಿನ್ನ ಸರದೀನೂ ಈಗಲೇನಾ?"

"ಸ್ವಾಮಿ, ಕಂಪ್ಯೂಟರ್ ತಪ್ಪು ಹೇಳಿದೆ!"

"ಛೆ, ಕಂಪ್ಯೂಟರ್ ಎಲ್ಲಾದ್ರೂ ತಪ್ಪು ಹೇಳುತ್ತಾ?" ಅಂತು ಹುಲಿ.

ನರಿ ಜೀವ ಉಳಿಸ್ಕೊಂಡು ಓಡಿತು. ಅರ್ಧ ಬಾಲ ಅಲ್ಲೇ ಉಳೀತು.

ಅವತ್ತಿಂದ ಹೊರಗಿನ ಫ್ಲಾಪಿ ಮೊದಲು ತಪಾಸಣೆಗೆ ಹೋಗ್ತಿತ್ತು. ತೊಟ್ಟಿ ಮಾತ್ರ ಅಲ್ಲೇ ಇತ್ತು, ಅಭ್ಯಾಸ ನೋಡಿ.

ಸಂಜೆ ಮನೇಲಿ ದೂಮಣ್ಣ ಎಲ್ಲಾ ಹೇಳ್ಕೊಂಡ. ಹೆಂಡತಿ ಪುಟ್ಟವ್ವ ರೊಟ್ಟಿ ತಟ್ತಾನೇ ಕೇಳಿಸ್ಕೊಂಡಳು.

"ಅದ್ಸರಿ ಕಣ್ರೀ, ಆ ಅರಿಶಿನ ಬೀಸೋಕೆ ನಂಗೆ ಅರ್ಧ ದಿನ ಹಿಡಿದಿತ್ತು. ಸುಮ್ನೆ ಗಿಳಿ ಮಾತು ಕೇಳೋಕೆ ಎಷ್ಟೊತ್ತು ಹಿಡೀತಿತ್ತು?"

ನೀತಿ: ಯಾರೇ ಪುಕ್ಕಟೆ ಕೊಟ್ಟಿದ್ದನ್ನ ಹೊರಗಿಂದ ಒರೆಸಿದ್ರೆ ಸಾಲದು, ಒಳಗೇನಿದೆ ಅಂತ ನೋಡಿ ತಗೋಬೇಕು.